ಬಾವಿಕಟ್ಟೆಯ ನೆಟ್ಟು

ಕೃಷ್ಣಾನಂದನಿಗೆ ಈ ಜನ್ಮದಲ್ಲಿ ಪುಕ್ಕಟೆಯಾಗಿ ಸಿಕ್ಕಿದ್ದು ಎರಡೇ. ಒಂದು ಹೆಂಡತಿ ವಿನುತಾಳ ಸಲಹೆ, ಇನ್ನೊಂದು ಪಕ್ಕದ ಮನೆಯ ಜಗದೀಶನ ಇಂಟರ್ನೆಟ್ಟು. ಎರಡನೆಯದನ್ನು ಅವನು ಎಂಟು ತಿಂಗಳಿಂದ ಒಂದು ದಿನವೂ ಬಿಟ್ಟವನಲ್ಲ. ಮೊದಲನೆಯದನ್ನು ಬಳಸಿದ್ದು ಒಂದೇ ಸಲ, ಅದೂ ಎರಡನೆಯದು ಸರಿಯಾಗಿ ಸಿಗಲೆಂದು.

ಆದದ್ದು ಇಷ್ಟು. ಕುಮಟಾ ಹತ್ತಿರದ ಬಾಡದಲ್ಲಿ ಹೈಸ್ಕೂಲಿನ ಗುಮಾಸ್ತನಾಗಿದ್ದ ಕೃಷ್ಣಾನಂದ, ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಯಿಂದ ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪ್ ಒಂದನ್ನು ತಂದ. ಜಗಲಿಯಲ್ಲಿ ಕೂತು ತೆರೆದರೆ ಪರದೆಯ ಮೂಲೆಯಲ್ಲಿ ಜಗದೀಶನ ಹೆಸರು! ಬೀಗ ಇಲ್ಲ, ಪಾಸ್‌ವರ್ಡ್ ಇಲ್ಲ.

"ವಿನುತಾ, ಬಾ ಇಲ್ಲಿ! ಆ ದಡ್ಡ ನೆಟ್ಟು ಹಾಕ್ಸ್ಕಂಡು ಬಾಗಿಲೇ ಹಾಕೂಕೆ ಮರ್ತಿದ್ದ!" ಎಂದು ಕುಣಿದಾಡಿದ. ಆದರೆ ಸಿಗ್ನಲ್ಲು ಬಂದಷ್ಟೇ ಬೇಗ ಮಾಯವಾಗುತ್ತಿತ್ತು.

"ಬಾವಿಕಟ್ಟೆ ಹತ್ರ ಹೋಗಿ ನೋಡಿ. ಅಲ್ಲಿ ಜೋರಾಗಿ ಬತ್ತದೆ" ಎಂದಳು ವಿನುತಾ, ಒಳಗಿನಿಂದಲೇ, ಬಂಗಡೆ ಮೀನು ಹುರಿಯುತ್ತಾ.

ನಿಜವಾಗಿಯೂ ಜೋರಾಗಿಯೇ ಬಂತು. ಬೇಲಿಯಾಚೆ ಜಗದೀಶನ ಮನೆಯ ಕಿಟಕಿಯಲ್ಲಿ ಮೋಡೆಮ್ ಹಸಿರು ಕಣ್ಣು ಮಿಟುಕಿಸುತ್ತ ಬಾವಿಯ ಕಡೆಗೇ ಮುಖ ಮಾಡಿ ಕೂತಿತ್ತು. ಅದು ಇವಳಿಗೆ ಹೇಗೆ ಗೊತ್ತು ಎಂದು ಕೃಷ್ಣಾನಂದ ಕೇಳಲಿಲ್ಲ. (ಇಂಥದ್ದನ್ನೆಲ್ಲ ಕೇಳುವ ಅಭ್ಯಾಸ ಅವನಿಗಿದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.)

ಕದ್ದ ಸುಖಕ್ಕೆ ಇನ್ನೊಂದು ರುಚಿಯೂ ಸೇರಿತ್ತು. ಎರಡು ಮನೆಗಳ ಗಂಡಸರಿಗೆ ಮಾತಿರಲಿಲ್ಲ. ಮೂರು ವರ್ಷದ ಕೆಳಗೆ ಕೃಷ್ಣಾನಂದನ ಮರದ ತೆಂಗಿನಕಾಯಿಯೊಂದು ಬೋಟಿನ ಮಾಲೀಕ ಜಗದೀಶನ ಹೊಸ ಕಾರಿನ ಬಾನೆಟ್ಟಿನ ಮೇಲೆ ಬಿದ್ದು ಅದು ತಗ್ಗಾಯಿತು. ಕೃಷ್ಣಾನಂದ ಹೋಗಿ ತಪ್ಪಾಯಿತು ಎನ್ನುವ ಬದಲು ಕಾಯಿ ವಾಪಸ್ ಕೇಳಿದ. ಅಲ್ಲಿಂದ ಹತ್ತಿದ ಜಗಳ, ಜಗದೀಶನ ಮನೆಯವರು ತನ್ನ ಬಾವಿಯ ನೀರು ಮುಟ್ಟಕೂಡದು ಎಂಬ ರಾಜಾಜ್ಞೆಯವರೆಗೆ ಹೋಯಿತು. ಸಮುದ್ರದ ಪಕ್ಕದ ಆ ಕೇರಿಯಲ್ಲಿ ಸಿಹಿನೀರು ಇದ್ದದ್ದು ಕೃಷ್ಣಾನಂದನ ಬಾವಿಯಲ್ಲಿ ಮಾತ್ರ. ಜಗದೀಶನ ಬಾವಿಯ ನೀರಿನಲ್ಲಿ ಅನ್ನ ಮಾಡಿದರೆ ಉಪ್ಪು ಹಾಕುವ ಕೆಲಸವೇ ಇರಲಿಲ್ಲ.

"ನನ್ನ ನೀರು ಅವಂಗಿಲ್ಲ, ಅವನ ನೆಟ್ಟು ನಂಗದೆ. ಇದಕ್ಕೆ ತಲೆ ಬೇಕು, ತಲೆ!" ಎಂದು ದಿನಕ್ಕೊಮ್ಮೆಯಾದರೂ ಹೆಂಡತಿಯ ಮುಂದೆ ಎದೆ ಉಬ್ಬಿಸುತ್ತಿದ್ದ.

"ಹೌದೌದು" ಎನ್ನುತ್ತಿದ್ದಳು ವಿನುತಾ.

ಹೀಗಿರುವಾಗ ಕೃಷ್ಣಾನಂದನ ತಂಗಿ ರೇಖಾಳಿಗೆ ಹೊನ್ನಾವರದವರ ಸಂಬಂಧ ಬಂತು. ಹುಡುಗ ವಿನೋದನಿಗೆ ಮಸ್ಕತ್ತಿನಲ್ಲಿ ಕೆಲಸ. ತಾಯಿಯೂ ಆಗ ಅಲ್ಲೇ ಇದ್ದಳು. ಕಂಪ್ಯೂಟರಿನಲ್ಲೇ ಹೆಣ್ಣು ನೋಡುತ್ತೇವೆ, ದಸರೆಯ ನವಮಿ ಒಳ್ಳೆಯ ದಿನ, ಹನ್ನೊಂದಕ್ಕೆ ನಿಮ್ಮ ಹುಡುಗಿ, ಹನ್ನೆರಡಕ್ಕೆ ಅಂಕೋಲೆಯ ಇನ್ನೊಬ್ಬಳು ಎಂದು ಹೇಳಿ ಕಳಿಸಿದರು. ಮೊದಲೇ ಎರಡು ಸಂಬಂಧ ಕೈತಪ್ಪಿದ್ದವು. ಈ ಹುಡುಗನ ಫೋಟೋ ನೋಡಿದಾಗಿನಿಂದ ರೇಖಾ ತನ್ನಷ್ಟಕ್ಕೇ ಹಾಡುತ್ತಿದ್ದಳು. ಇದೂ ತಪ್ಪಿದರೆ ಅವಳ ಮುಖ ನೋಡುವ ಧೈರ್ಯ ಕೃಷ್ಣಾನಂದನಿಗೆ ಇರಲಿಲ್ಲ.

"ಕುಮಟೆಗೆ ಹೋಗಿ ಸೈಬರಿನಲ್ಲಿ ಕೂತ್ರೆ ಆಗೂದಿಲ್ವಾ?" ಎಂದಳು ವಿನುತಾ.

"ನನ್ನ ತಂಗಿಯನ್ನ ಸೈಬರಿನಲ್ಲಿ ತೋರ್ಸೂದಾ? ಮನೆಲಿ ಇಷ್ಟು ಜೋರು ನೆಟ್ಟು ಅದೆ!"

"ಮನೆದಲ್ಲ, ಪಕ್ಕದ ಮನೆದು."

"ಬಾವಿಕಟ್ಟೆ ನಂದೇ ಅಲ್ದನಾ?"

ನವಮಿಯ ಬೆಳಿಗ್ಗೆ ಕೃಷ್ಣಾನಂದನ ಉತ್ಸಾಹ ನೋಡಬೇಕಿತ್ತು. ಒಗೆಯುವ ಕಲ್ಲಿನ ಮೇಲೆ ಲ್ಯಾಪ್‌ಟಾಪ್ ಸ್ಥಾಪನೆಯಾಯಿತು. ಅದರೆದುರು ಮರದ ಕುರ್ಚಿ. ಹಿಂದಿನ ಬಾವಿ ಕಾಣದಂತೆ ರಾಟೆಯ ಎರಡೂ ಕಂಬಗಳಿಗೆ ವಿನುತಾಳ ಧಾರೆ ಸೀರೆ ಕಟ್ಟಿ ಪರದೆ. ಆಮೇಲೆ ಆಯುಧಪೂಜೆ. ಸೈಕಲ್ಲು, ಕತ್ತಿ, ಈಳಿಗೆಮಣೆ ಎಲ್ಲ ಮುಗಿಸಿ ಬಾವಿಯ ಪಂಪಿನ ಮುಂದೆ ಕೂತ. ಭಕ್ತಿ ಉಕ್ಕಿ ಬಂದು ಪಂಪಿಗೆ ಗೊಂಡೆ ಹೂವಿನ ಮಾಲೆ ಹಾಕಿ, ಸ್ಟಾರ್ಟರ್ ಡಬ್ಬಿಗೆ ಒಂದಿಡೀ ಎಳನೀರಿನ ಅಭಿಷೇಕವನ್ನೂ ಮಾಡಿದ. ನಂತರ ಕೇರಿಗೆಲ್ಲ ಕೇಳುವಂತೆ ಸಾರಿದ: "ಪೂಜೆ ಆತು! ನಾಳೆವರೆಗೆ ಪಂಪನ್ನ ಯಾರೂ ಮುಟ್ಟೂಕಾಗ!"

"ನಾಳೆವರೆಗಾ?" ವಿನುತಾ ಗಾಬರಿಯಾದಳು. "ಸ್ವಲ್ಪ ಹೊತ್ತಾದ್ರೂ ಚಾಲೂ ಮಾಡ್ಬೇಕಾತದೆ ಇವ್ರೇ..."

"ಶಾಸ್ತ್ರ ಅಂದ್ರೆ ಶಾಸ್ತ್ರ!"

ಹತ್ತೂ ಮುಕ್ಕಾಲಿಗೆ ರೇಖಾ ಅಲಂಕಾರ ಮುಗಿಸಿ ಬಂದು ಕುರ್ಚಿಯಲ್ಲಿ ಕೂತಳು. ಕೃಷ್ಣಾನಂದ ಲ್ಯಾಪ್‌ಟಾಪ್ ತೆರೆದ. ಜಗದೀಶನ ಹೆಸರೇ ಇಲ್ಲ! ಎತ್ತಿ ಹಿಡಿದ, ತಿರುಗಿಸಿದ, ಬಾವಿಗೆ ಒಂದು ಸುತ್ತು ಬಂದ. ಕೊನೆಗೆ ಬೇಲಿಯ ಸಂದಿಯಲ್ಲಿ ಇಣುಕಿ ನೋಡಿದ. ಕಿಟಕಿಯಲ್ಲಿ ಮೋಡೆಮ್ ಮೈತುಂಬ ಕುಂಕುಮ ಬಳಿದುಕೊಂಡು, ಗೊಂಡೆ ಮಾಲೆ ಧರಿಸಿ, ಕಣ್ಣು ಮುಚ್ಚಿ ಕೂತಿತ್ತು.

"ಅಣ್ಣಾ, ಹತ್ತು ಐವತ್ತಾತು" ಎಂದಳು ರೇಖಾ.

"ಹೋಗಿ ಕೇಳಿ" ಎಂದಳು ವಿನುತಾ.

"ಎಂತ ಕೇಳೂದು ಮಾರಾಯ್ತಿ? ನಿಮ್ಮನೇಲಿ ದಿನಾ ಕದೀತಿದ್ದೆ, ಇವತ್ತು ಸಿಕ್ತಾ ಇಲ್ಲ ಅಂತ ದೂರು ಕೊಡೂದಾ?"

ಅಷ್ಟರಲ್ಲಿ ಬೇಲಿಯ ಮೇಲೆ ಎರಡು ತಲೆ ಕಾಣಿಸಿದವು, ಜಗದೀಶನದು ಮತ್ತು ಅವನ ಹೆಂಡತಿ ಸುಚಿತಾಳದು. ಜಗದೀಶನ ಕೈಯಲ್ಲಿ ಖಾಲಿ ಕೊಡ.

"ಎಂತ ಕೃಷ್ಣಾನಂದಣ್ಣ," ಮೂರು ವರ್ಷದ ಮೌನ ಮುರಿದ ಜಗದೀಶ, "ಪಂಪಿಗೆ ಹೂ ಹಾಕಿ ಬಂದ್ ಮಾಡ್ಬಿಟ್ರಿ. ಬೋಟಿನ ಪೂಜೆಯಿಂದ ಮೂವತ್ತು ಜನ ಊಟಕ್ಕೆ ಬತ್ರು, ನಮ್ಮ ನಲ್ಲೀಲಿ ಒಂದು ತೊಟ್ಟು ನೀರಿಲ್ಲ. ಅದ್ಕೇ ನಾವೂ ನೆಟ್ಟಿನ ಡಬ್ಬಕ್ಕೆ ಹೂ ಹಾಕಿ ಬಂದ್ ಮಾಡ್ದೆವು. ಶಾಸ್ತ್ರ ಎಲ್ಲರಿಗೂ ಒಂದೇ ಅಲ್ದಾ?"

"ನಿಮ್ಮ ನಲ್ಲಿಗೂ ನನ್ನ ಪಂಪಿಗೂ ಎಂತ ಸಂಬಂಧ?"

ಸುಚಿತಾ ಬೆರಳು ತೋರಿಸಿದಳು. ಬೇಲಿಯುದ್ದಕ್ಕೆ ಒಣಗಿದ ತೆಂಗಿನ ಮಡಲಿನಡಿ ಒಂದು ಕಪ್ಪು ಪೈಪು ಮಲಗಿತ್ತು. ಅದನ್ನು ಕೃಷ್ಣಾನಂದ ದಿನಾ ದಾಟುತ್ತಿದ್ದ, ಬಸಳೆಗೆ ನೀರು ಬಿಡುವ ಪೈಪೆಂದು ತಿಳಿದು.

ಅವನು ಹೆಂಡತಿಯ ಕಡೆ ತಿರುಗಿದ. ಅವಳು ಬಸಳೆಯ ಕಡೆ ತಿರುಗಿದಳು.

"ನೀವು ಬೇಡ ಅಂದ ಮಾರನೇ ದಿನವೇ ಹಾಕ್ಸಿದ್ದೆ. ಕುಡಿಯೂ ನೀರಿಗೆ ಎಂತ ಜಗಳ?" ಎಂದಳು. "ಅವ್ರ ಮನೆಗೆ ನೆಟ್ಟು ಬಂದಾಗ ಸುಚಿತಾ ಕೇಳಿದ್ಳು, ಪಾಸ್‌ವರ್ಡ್ ಹಾಕೂದಾ ಬೇಡ್ವಾ ಅಂತ. ಬೇಡ, ಇವ್ರಿಗೂ ಬೇಕಾತದೆ ಅಂದೆ. ಕಿಟಕೀಲಿ ಇಡೂಕೆ ಹೇಳಿದ್ದೂ ನಾನೇ."

ಕೃಷ್ಣಾನಂದನ ಎಂಟು ತಿಂಗಳ ಕಳ್ಳತನ ಒಂದೇ ಏಟಿಗೆ ಮಣ್ಣುಪಾಲಾಯಿತು. ಊರಿಗೇ ಬುದ್ಧಿವಂತ ಕಳ್ಳನೆಂದುಕೊಂಡವನು ಬರೀ ಹೆಂಡತಿ ಬಡಿಸಿದ್ದನ್ನು ಉಂಡಿದ್ದ. ನಾಚಿಕೆಗಿಂತ ಹೆಚ್ಚಾಗಿ ಅವನಿಗೆ ದುಃಖವೇ ಆಯಿತು.

"ಅಣ್ಣಾ, ಐದೇ ನಿಮಿಷ!" ರೇಖಾ ಅಳುವಂತಾದಳು.

ಕೃಷ್ಣಾನಂದ ಶಾಸ್ತ್ರ ಗಾಳಿಗೆ ತೂರಿ ಪಂಪಿನ ಹಸಿರು ಗುಂಡಿ ಒತ್ತಿದ. ಎಳನೀರು ಕುಡಿದು ತಂಪಾಗಿದ್ದ ಸ್ಟಾರ್ಟರ್ 'ಚಟ್' ಎಂದಿತು. ಸಣ್ಣಗೆ ಹೊಗೆಯೂ ಬಂತು.

"ಮೂವತ್ತು ಜನ" ಎಂದು ನೆನಪಿಸಿದ ಜಗದೀಶ, ಕೊಡವನ್ನು ಬೇಲಿ ದಾಟಿಸುತ್ತಾ. "ನೀವು ಹಗ್ಗ ಹಿಡೀರಿ, ನಾ ನೆಟ್ಟಿನ ಸ್ವಿಚ್ ಹಾಕ್ತೆ."

ರಾಟೆಯ ಕಂಬದ ಸೀರೆ ಬಿಚ್ಚದೆ ನೀರು ಸೇದುವಂತಿರಲಿಲ್ಲ. ಬಿಚ್ಚಿದ. ಅಂಗಿ ಕಳಚಿ ಬನಿಯನ್ನಿನಲ್ಲಿ ನಿಂತ. ಮೊದಲ ಕೊಡ ಮೇಲೆ ಬರುತ್ತಲೇ ಕಿಟಕಿಯಲ್ಲಿ ಹಸಿರು ಕಣ್ಣು ತೆರೆಯಿತು, ಸರಿಯಾಗಿ ಹನ್ನೊಂದಕ್ಕೆ ಪರದೆಯ ಮೇಲೆ ಮಸ್ಕತ್ತು ಮೂಡಿತು.

ಕೃಷ್ಣಾನಂದ ತಲೆ ಎತ್ತಲಿಲ್ಲ. ಸೇದಿದ, ಸುರಿದ, ಮತ್ತೆ ಸೇದಿದ. ಹುಡುಗ ನಕ್ಕಿದ್ದು, ರೇಖಾ ನಕ್ಕಿದ್ದು ಕಿವಿಗೆ ಬಿತ್ತು. ಇಪ್ಪತ್ತನೇ ಕೊಡಕ್ಕೆ ಹುಡುಗನ ತಾಯಿಯ ದನಿ ಕೇಳಿತು: "ಹಿಂದೆ ನೀರು ಸೇದ್ತಾ ಇದ್ನಲ, ಅವ ಯಾರು?"

ರೇಖಾ ಅತ್ತಿಗೆಯ ಮುಖ ನೋಡಿದಳು. ವಿನುತಾ ಒಂದು ಕ್ಷಣವೂ ತಡೆಯಲಿಲ್ಲ.

"ಅವ್ರಾ? ನಮ್ಮನೆ ನೀರಿನ ಕೆಲಸಕ್ಕೆ ಇರೂರು."

"ಎಷ್ಟು ಚೊಕ್ಕ ಆಳು! ತಲೆ ಎತ್ತೂದಿಲ್ಲ, ಬಾಯಿ ಬಿಡೂದಿಲ್ಲ. ಇಂಥವ್ನ ಇಟ್ಕಂಡ ಮನೆ ಅಂದ್ರೆ ಒಳ್ಳೆ ಮನೆಯೇ ಸೈ. ನಂಗೆ ಹುಡುಗಿ ಒಪ್ಪಿಗೆ. ಅಂಕೋಲೆಯವ್ರಿಗೆ ಬೇಡ ಅಂತ ಹೇಳ್ತೆ. ಹಾಂ, ಹುಡುಗಿ ಅಣ್ಣ ಎಲ್ಲಿ?"

"ಪೂಜೆಗೆ ಕೂತಿದ್ರು" ಎಂದಳು ವಿನುತಾ.

ಎರಡು ತಿಂಗಳ ನಂತರ ನಿಶ್ಚಿತಾರ್ಥ ನಡೆಯಿತು. ಕೃಷ್ಣಾನಂದ ರೇಷ್ಮೆ ಪಂಚೆ ಉಟ್ಟು, ಶಲ್ಯ ಹೊದ್ದು, ಬೀಗರನ್ನು ಎದುರುಗೊಳ್ಳಲು ಬಾಗಿಲಲ್ಲಿ ಕೈ ಮುಗಿದು ನಿಂತಿದ್ದ. ಹುಡುಗನ ತಾಯಿ ಒಳಗೆ ಬಂದವಳು ಅವನನ್ನು ಕಂಡು ಕಣ್ಣರಳಿಸಿದಳು.

"ಓಹೋ, ಇವತ್ತು ನಿಂಗೂ ಹೊಸ ಬಟ್ಟೆಯಾ? ಆತು, ಬೇಗ ಎರಡು ಕೊಡ ನೀರು ಸೇದು, ಕಾಲು ತೊಳೀಬೇಕು."

ಕೃಷ್ಣಾನಂದ ಒಳಬಾಗಿಲ ಬಳಿ ನಿಂತಿದ್ದ ತಂಗಿಯ ಮುಖ ನೋಡಿದ. ಶಲ್ಯ ತೆಗೆದು ಹೆಂಡತಿಯ ಕೈಗೆ ಕೊಟ್ಟು, ಬಾವಿಕಟ್ಟೆಯ ಕಡೆಗೆ ನಡೆದ.