ಇಳಿಜಾರಿನಲ್ಲಿ ಲಾರಿಯ ಸದ್ದಿಗೆ ಲಿಖಿತ ಅನುಮತಿ

ಭಾರಿ ಸಾಗಣೆ ಇಲಾಖೆ
ಸುತ್ತೋಲೆ ಸಂಖ್ಯೆ: ಭಾಸಾ/ಸದ್ದು/17 (ತಿದ್ದುಪಡಿ 3)

ವಿಷಯ: ಕಚೇರಿ ಪಕ್ಕದ ಇಳಿಜಾರಿನಲ್ಲಿ ಇಲಾಖೆಯ ಲಾರಿಗಳು ಎಂಜಿನ್ ಬ್ರೇಕ್ ಬಳಸಿ ಸದ್ದು ಮಾಡುವ ಬಗ್ಗೆ.

ಉಲ್ಲೇಖ: 1. ಮಧ್ಯಾಹ್ನ 2.40ಕ್ಕೆ ತಾವು ಬೆಚ್ಚಿಬಿದ್ದ ಕುರಿತು ಉಪನಿರ್ದೇಶಕರ ಟಿಪ್ಪಣಿ.
2. ಕಲ್ಲು ಸಾಗಿಸುವ ಲಾರಿಯ ಚಾಲಕರ ಸಮಜಾಯಿಷಿ (ನಿಗದಿತ ನಮೂನೆಯಲ್ಲಿಲ್ಲ).

1. ಎಂಜಿನ್ ಬ್ರೇಕ್ ಎಂದರೆ ಇಳಿಜಾರಿನಲ್ಲಿ ಎಂಜಿನ್ನೇ ಲಾರಿಯನ್ನು ಹಿಡಿದು ನಿಧಾನಿಸುವ ವ್ಯವಸ್ಥೆ. ಗುಂಡಿ ಒತ್ತಿದರೆ ಸಾಕು, ಚಕ್ರದ ಬ್ರೇಕುಗಳು ಬಿಸಿಯಾಗಿ ಕೈಕೊಡುವುದಿಲ್ಲ. ಆದರೆ ಡರ್ರೆಂದು ಸದ್ದು ಬರುತ್ತದೆ. ಸದರಿ ಸದ್ದಿನಿಂದ, ಕಣ್ಣು ಮುಚ್ಚಿ ಕಡತ ಪರಿಶೀಲಿಸುತ್ತಿದ್ದ ಉಪನಿರ್ದೇಶಕರ ಏಕಾಗ್ರತೆಗೆ ಭಂಗ ಬಂದಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

2. ಆ ಕಾರಣ, ಹಿಂದಿನ ಸುತ್ತೋಲೆಯಲ್ಲಿ ಈ ಕೆಳಕಂಡಂತೆ ಆದೇಶಿಸಲಾಗಿತ್ತು:
ಅ) ಸದ್ದು ಮಾಡಬಯಸುವ ಚಾಲಕರು ಏಳು ದಿನ ಮುಂಚಿತವಾಗಿ, ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು.
ಆ) ಸದ್ದಿನ ಮಾದರಿಯನ್ನು ಲಗತ್ತಿಸತಕ್ಕದ್ದು. ಬಾಯಲ್ಲಿ ಮಾಡಿ ತೋರಿಸಬಹುದು, ಆದರೆ ಮೆಲ್ಲಗೆ.
ಇ) ಅರ್ಜಿ ಇತ್ಯರ್ಥವಾಗಿ ಲಿಖಿತ ಅನುಮತಿ ದೊರೆಯುವವರೆಗೆ, ಇಳಿಯುತ್ತಿರುವ ಲಾರಿಯು ಯಥಾಸ್ಥಿತಿ ಕಾಯ್ದುಕೊಳ್ಳತಕ್ಕದ್ದು.
ಈ) ತಪ್ಪಿದಲ್ಲಿ ಚಾಲಕರನ್ನು ಕೆಲಸದಿಂದ ತೆಗೆಯಲಾಗುವುದು.

3. ಇಪ್ಪತ್ತೆರಡು ವರ್ಷಗಳಿಂದ ಈ ಇಳಿಜಾರು ಇಳಿಯುತ್ತಿರುವ, ಸಿಬ್ಬಂದಿ 'ದೊಡ್ಡಣ್ಣ' ಎಂದು ಕರೆಯುವ ಸದರಿ ಚಾಲಕರು, ಸುತ್ತೋಲೆಯನ್ನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡು, ಚೀಟಿ ಕಳಿಸದೆ ಉಪನಿರ್ದೇಶಕರ ಕೊಠಡಿಗೆ ನುಗ್ಗಿರುತ್ತಾರೆ. ಅವರ ಹೇಳಿಕೆ: "ಸಾರ್, ಮೂವತ್ತು ಟನ್ ಕಲ್ಲು. ಕೆಳಗಡೆ ಶಾಲೆ ಗೇಟು. ಬ್ರೇಕ್ ಕಾದ್ರೆ ಲಾರಿ ನನ್ ಮಾತೂ ಕೇಳಲ್ಲ, ನಿಮ್ ಮಾತೂ ಕೇಳಲ್ಲ. ಕೆಲಸ ಹೋದ್ರೆ ಮಗಳ ಓದು ನಿಂತುಹೋಗುತ್ತೆ, ಅದೂ ಗೊತ್ತು. ನೀವೇ ಹೇಳಿ, ಯಾವುದನ್ನ ಬಿಡ್ಲಿ?" ಯಾವುದನ್ನು ಬಿಡಬೇಕೆಂಬುದು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಹಿಂಬರಹ ನೀಡಲಾಗಿದೆ.

4. "ಸದ್ದಿಲ್ದೆ ಇಳಿಯಕ್ಕೆ ಏನಯ್ಯಾ ಕಷ್ಟ? ನಡಿ, ನಾನೇ ಬರ್ತೀನಿ" ಎಂದು ಉಪನಿರ್ದೇಶಕರು ಗುಮಾಸ್ತರೊಡನೆ, ಕಲ್ಲು ತುಂಬಿದ ಲಾರಿ ಹತ್ತಿದ್ದು, ಭಾನುವಾರ ಶಾಲೆಗೆ ರಜೆಯಿದ್ದುದರಿಂದ ಪರೀಕ್ಷೆಗೆ ಚಾಲಕರು ಒಪ್ಪಿರುತ್ತಾರೆ. ಮೊದಲ ತಿರುವು ತೃಪ್ತಿಕರ. ಎರಡನೆಯದರಲ್ಲಿ ಸುಟ್ಟ ವಾಸನೆ ಬಂದಿದೆ. ಮೂರನೆಯದರಲ್ಲಿ ಚಾಲಕರು ಬ್ರೇಕ್ ತುಳಿದರೂ ಲಾರಿ ಆ ಬಗ್ಗೆ ಯಾವುದೇ ಕ್ರಮ ಕೈಗೊಂಡಿಲ್ಲ. 'ಏನಯ್ಯಾ' ಎನ್ನುತ್ತಿದ್ದ ಉಪನಿರ್ದೇಶಕರು ಎರಡನೇ ತಿರುವಿಗೆ 'ದೊಡ್ಡಣ್ಣಾ' ಎಂದೂ, ಮೂರನೆಯದಕ್ಕೆ 'ನಮ್ಮಪ್ಪಾ' ಎಂದೂ ಸಂಬೋಧನೆ ಬದಲಿಸಿರುವುದನ್ನು ಗುಮಾಸ್ತರು ದಾಖಲಿಸಿದ್ದಾರೆ. ನಂತರದ ಮಾತುಗಳು:
"ಒತ್ತೋ ಗುಂಡೀನ!"
"ಅನುಮತಿ, ಸಾರ್?"
"ಕೊಟ್ಟೆ ಕಣೋ!"
"ಲಿಖಿತ ಅಂತಿದೆ."
ಕೂಡಲೇ ಕಡತದ ರಟ್ಟಿನ ಮೇಲೆ 'ಅನುಮತಿಸಿದೆ' ಎಂದು ಬರೆಯಲಾಯಿತು. ದಿನಾಂಕ ಹಾಕುವ ಕುರಿತು ಚರ್ಚೆ ನಡೆಯಲಿಲ್ಲ. ಸದ್ದು ಬಂದಿತು. ಗೇಟು ಅರವತ್ತು ಅಡಿ ದೂರವಿರುವಾಗ ಲಾರಿಯು ನಡಿಗೆಯ ವೇಗಕ್ಕೆ ಇಳಿದಿರುತ್ತದೆ.

5. ಆದುದರಿಂದ, ಹಿಂದಿನ ಆದೇಶಗಳನ್ನು ರದ್ದುಪಡಿಸಿ ಈ ಮೂಲಕ ಸೂಚಿಸುವುದೇನೆಂದರೆ:
ಅ) ಸದರಿ ಸದ್ದನ್ನು ಇನ್ನು ಮುಂದೆ ಮೌನವೆಂದು ಪರಿಗಣಿಸತಕ್ಕದ್ದು.
ಆ) ಅದು ಕೇಳಿಸಿದ ಸಿಬ್ಬಂದಿ, ಏಕೆ ಕೇಳಿಸಿತೆಂದು ಮೂರು ದಿನಗಳೊಳಗೆ ವಿವರಣೆ ನೀಡತಕ್ಕದ್ದು.
ಇ) ಉಪನಿರ್ದೇಶಕರು ಸಹಿ ಮುಗಿಸುವ ಮೊದಲೇ ಗುಂಡಿ ಒತ್ತಿ ಮೂವರ ಜೀವ ಉಳಿಸಿದ ಚಾಲಕರ ಕೃತ್ಯವು ನಿಯಮಬಾಹಿರ. ಜೀವ ಉಳಿದವರ ಶಿಫಾರಸಿನ ಮೇರೆಗೆ, ಈ ಒಂದು ಬಾರಿ ಕ್ಷಮಿಸಲಾಗಿದೆ.

ಸಹಿ/-
ಉಪನಿರ್ದೇಶಕರು
(ಸಹಿ ಇಳಿಜಾರಾಗಿದ್ದರೂ ಅವರದೇ ಎಂದು ದೃಢೀಕರಿಸಲಾಗಿದೆ)

ಪ್ರತಿಗಳು:
1. ಶಾಲೆಯ ಮುಖ್ಯೋಪಾಧ್ಯಾಯಿನಿಯವರಿಗೆ: ಏನೂ ನಡೆದಿಲ್ಲವೆಂಬ ಮಾಹಿತಿಗಾಗಿ.
2. ಗುಮಾಸ್ತರಿಗೆ: ರಜೆ ಮಂಜೂರಾಗಿದೆ. ಪ್ಯಾಂಟಿನ ವೆಚ್ಚ ಮಂಜೂರಾಗಿಲ್ಲ.
3. ಚಾಲಕರಿಗೆ: ನಾಳೆಯಿಂದ ಎಂದಿನಂತೆ ಕೆಲಸಕ್ಕೆ ಬರತಕ್ಕದ್ದು. ಉಪನಿರ್ದೇಶಕರು ಇನ್ನು ಇಳಿಜಾರನ್ನು ನಡೆದೇ ಇಳಿಯಲಿದ್ದು, ಅವರನ್ನು ಕಂಡಾಗ ಲಾರಿ ನಿಲ್ಲಿಸಿ "ಹತ್ತಿ ಸಾರ್" ಎನ್ನಬಾರದು.