ನಮ್ಮ ಹತ್ತಿಯ ಚೂರಿಗೆ ಆಕಾಶದಲ್ಲಿ ಜಾಗ ಕೊಟ್ಟ ಅಧ್ಯಕ್ಷರಿಗೆ

ಹವ್ಯಾಸಿ ಆಕಾಶ ವೀಕ್ಷಕರ ಸಂಘದ ಮಾನ್ಯ ಅಧ್ಯಕ್ಷರೇ,

ತಮ್ಮ ಪಾದಗಳು ಇನ್ನೂ ನೆಲದ ಮೇಲಿವೆಯೆಂಬ ನಂಬಿಕೆಯಿಂದ ನಮಸ್ಕಾರಗಳು. ನಾನು ಮೂವತ್ತೆಂಟು ವರ್ಷಗಳಿಂದ ಹಾಸಿಗೆ-ದಿಂಬಿನ ಅಂಗಡಿ ನಡೆಸುತ್ತಿರುವವಳು, ಹೈಸ್ಕೂಲು ಮುಗಿಸಿದವಳು, ಮೂವರು ಗಂಡುಮಕ್ಕಳನ್ನೂ ಅವರ ಅಪ್ಪನನ್ನೂ ಹದ್ದುಬಸ್ತಿನಲ್ಲಿ ಇಟ್ಟವಳು. ಈ ಬೀದಿಯಲ್ಲಿ ನನಗೆ ಎದುರಾಡಿದವರು ಇಬ್ಬರೇ. ಒಬ್ಬರು ಮನೆ ಬದಲಾಯಿಸಿದ್ದಾರೆ, ಇನ್ನೊಬ್ಬಳು ನನ್ನ ಕಿರಿಯ ಸೊಸೆ.

ಈ ಸೊಸೆ ನಮ್ಮ ತಾರಸಿಯಿಂದ ನೀಹಾರಿಕೆ, ಧೂಮಕೇತುಗಳ ಫೋಟೋ ತೆಗೆಯುವವಳು. ಅದೊಂದು ಹುಚ್ಚೆಂದು ಅವಳ ಮುಖಕ್ಕೇ ಹೇಳಿದ್ದೇನೆ. ಮೋಡದಂಥ ಒಂದೇ ವಸ್ತುವನ್ನು ಇನ್ನೂರು ಸಲ ತೆಗೆದು, ಆಮೇಲೆ ಟೆಲಿಸ್ಕೋಪಿನ ಬಾಯಿಗೆ ಮುಚ್ಚಳ ಹಾಕಿ ಬರೀ ಕತ್ತಲೆಯನ್ನು ಐವತ್ತು ಸಲ ತೆಗೆದು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸುವ ಕೆಲಸಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ. ಕೊನೆಗೆ ಅದೇ ಬಾಯಿಗೆ ಬಿಳಿ ಬಟ್ಟೆ ಬಿಗಿದು ಅದರ ಫೋಟೋವನ್ನೂ ತೆಗೆಯಬೇಕಂತೆ; ಕ್ಯಾಮೆರಾದೊಳಗಿನ ಧೂಳಿನ ಕಲೆ ಎಲ್ಲಿದೆಯೆಂದು ತಿಳಿದು, ಚಿತ್ರದಿಂದ ಅಳಿಸುವುದಕ್ಕೆ. ಅದಕ್ಕೆಂದು ಅವಳು ಒಂದು ದಿಂಬಿನ ಕವರು ಕೇಳಿದಾಗ, ಗಿರಾಕಿಗಳ ಮಾಲು ಮುಟ್ಟಬೇಡವೆಂದು ಗದರಿದವಳು ನಾನೇ. ಹಾಗಾಗಿ ನಮ್ಮ ಅಂಗಡಿಯಿಂದ ಹಾರಿ ಕ್ಯಾಮೆರಾದೊಳಗೆ ಕೂತ ಹತ್ತಿಯ ಚೂರೊಂದು, ಹನ್ನೊಂದು ರಾತ್ರಿ ದುಡಿದು ತೆಗೆದ ಅವಳ ನೀಹಾರಿಕೆಯ ಮೂಲೆಯಲ್ಲಿ ಮಸುಕಾದ ಉಂಗುರವಾಗಿ ಉಳಿಯಿತು. ತಪ್ಪು ನನ್ನದು, ಇದನ್ನು ಎರಡನೇ ಸಲ ಹೇಳುವವಳಲ್ಲ.

ಆ ಕಲೆ ತೆಗೆಯುವ ಉಪಾಯ ಕೇಳಿ ಅವಳು ಚಿತ್ರವನ್ನು ತಮಗೆ ಕಳಿಸಿದಳು. ತಾವು ಉದಾರಿಗಳು, ಕಲೆಯನ್ನು ಮುಟ್ಟದೆ, ಕೆಳಗಿದ್ದ ಅವಳ ಹೆಸರನ್ನಷ್ಟೇ ಅಳಿಸಿದಿರಿ. ಸಂಘದ ಪ್ರದರ್ಶನದಲ್ಲಿ ಆ ಚಿತ್ರ ಕಿಟಕಿಯಷ್ಟು ದೊಡ್ಡದಾಗಿ, ತಮ್ಮ ಹೆಸರಿನಲ್ಲಿ ಗೋಡೆ ಏರಿತು. ಉದ್ಘಾಟನೆಯಂದು ತಾವು ಕೋಲು ಹಿಡಿದು, "ಈ ಅನಿಲದ ಉಂಗುರ ನೋಡಿ! ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ" ಎಂದಾಗ ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಮಾನ್ಯರೇ. ನಮ್ಮ ಮಾಲು ಅಷ್ಟು ಎತ್ತರಕ್ಕೆ ಹೋದದ್ದು ಅದೇ ಮೊದಲು. ಅದೇ ಉಂಗುರ, ಅದೇ ಮೂಲೆಯಲ್ಲಿ, ಆ ದಿನಗಳಲ್ಲಿ ಅವಳು ತೆಗೆದ ಚಂದ್ರನ ಮೇಲೂ ಇದೆ, ಧೂಮಕೇತುವಿನ ಬಾಲದ ಪಕ್ಕದಲ್ಲೂ ಇದೆ, ಕ್ಯಾಮೆರಾ ಸರಿಮಾಡಿಕೊಳ್ಳಲು ಹಗಲಿನಲ್ಲಿ ತೆಗೆದ ಎದುರು ಮನೆಯ ನೀರಿನ ಟ್ಯಾಂಕಿನ ಮೇಲೂ ಇದೆ. ಆ ಟ್ಯಾಂಕಿನ ಅನಿಲದ ಬಗ್ಗೆಯೂ ತಾವೊಂದು ಉಪನ್ಯಾಸ ಕೊಟ್ಟು, ಆ ಮನೆಯವರು ನೀರು ಕುಡಿಯಬಹುದೋ ಬಾರದೋ ತಿಳಿಸಬೇಕೆಂದು ಪ್ರಾರ್ಥನೆ. ನಮ್ಮ ಗೋದಾಮಿನಲ್ಲಿ ಇನ್ನೂ ಹದಿನಾಲ್ಕು ಮೂಟೆ ಹತ್ತಿಯಿದೆ. ತಾವು ಬಂದು ಒಂದೊಂದು ಚೂರಿಗೂ ಹೆಸರಿಟ್ಟರೆ ವಿಜ್ಞಾನಕ್ಕೆ ಉಪಕಾರವಾದೀತು.

ಸೊಸೆ ಕೇಳಲು ಬಂದಾಗ ತಾವು, "ಬಟನ್ ಒತ್ತಿದ್ದು ನೀನಿರಬಹುದಮ್ಮ, ನೋಡೋ ಕಣ್ಣು ನನ್ನದಲ್ವಾ?" ಎಂದಿರಂತೆ. ಅವಳು ಮನೆಗೆ ಬಂದು ಟೆಲಿಸ್ಕೋಪನ್ನು ಪೆಟ್ಟಿಗೆಗೆ ಹಾಕಿ, "ಬಿಡಿ ಅತ್ತೆ, ನೀವು ಹೇಳಿದ್ದೇ ಸರಿ. ಯಾರಿಗಾದ್ರೂ ಕೊಟ್ಟುಬಿಡ್ತೀನಿ" ಎಂದಳು. ನಾನು ಹೇಳಿದ್ದೇ ಸರಿಯೆಂಬ ಮಾತನ್ನು ಅವಳ ಬಾಯಿಂದ ಕೇಳಲು ಒಂಬತ್ತು ವರ್ಷ ಕಾದಿದ್ದೆ. ಅದು ತಮ್ಮ ದಯೆಯಿಂದ ಬಂದದ್ದರಿಂದ ನನಗೆ ಬೇಡವಾಯಿತು.

ಆದ್ದರಿಂದ ನಿನ್ನೆ ಮಧ್ಯಾಹ್ನ, ಸದಸ್ಯರೆಲ್ಲ ನೋಡುತ್ತಿರುವಾಗಲೇ, ಕುರ್ಚಿ ಹತ್ತಿ ಆ ಚಿತ್ರವನ್ನು ನಾನೇ ಬಿಚ್ಚಿ ತಂದಿದ್ದೇನೆ. ನಾನು ಬೀಳದಂತೆ ಕುರ್ಚಿ ಹಿಡಿದುಕೊಂಡವರು ತಮ್ಮ ಕಾರ್ಯದರ್ಶಿಗಳು. ಅದು ಈಗ ನಮ್ಮ ಅಂಗಡಿಯ ಎದುರು ಗೋಡೆಯಲ್ಲಿ, ಸೊಸೆಯ ಹೆಸರು ಹೊತ್ತು, ಚಂದ್ರನ ಚಿತ್ರಕ್ಕೂ ಟ್ಯಾಂಕಿನ ಚಿತ್ರಕ್ಕೂ ನಡುವೆ ತೂಗುತ್ತಿದೆ.

ನಿನ್ನೆಯವರೆಗೆ ತಮ್ಮ ವಿಶ್ವಾಸಿಯಾಗಿದ್ದ,
ಹಾಸಿಗೆ ಅಂಗಡಿಯ ಯಜಮಾನಿ

ತಾ.ಕ.: ಚೌಕಟ್ಟು ಸಂಘದ ಸ್ವತ್ತಾದ್ದರಿಂದ ಗೋಡೆಯ ಮೇಲೇ ಬಿಟ್ಟಿದ್ದೇನೆ, ಅದರ ಕೆಳಗಿನ ತಮ್ಮ ಹೆಸರಿನ ಚೀಟಿಯನ್ನೂ ಮುಟ್ಟಿಲ್ಲ. ತಾವು ಸ್ವತಃ ತೆಗೆದ ಚಿತ್ರ ಅದರೊಳಗೆ ಹಾಗೇ ಇದೆ.