ಏಳನೆಯ ಸಾಮಾನಿನ ತನಕ ಮುಳುಗಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಈವರೆಗೆ ಕಡಿಮೆಯೆಂದರೂ ಇನ್ನೂರು ಸಲ ಮುಳುಗಿದ್ದಾರೆ. ಅದರಲ್ಲಿ ನೀರು ಇದ್ದದ್ದು ಒಂದೇ ಸಲ! ಆ ಒಂದು ಸಲ ನಾನು ದಡದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ಅವರು ಮುಳುಗುವುದಕ್ಕೆ ಪೆನ್ಸಿಲಿನಲ್ಲಿ ಟಿಕ್ ಹಾಕುತ್ತಿದ್ದೆ. ನಗಬೇಡಿ. ಅಥವಾ ನಗಿ, ನಿಮ್ಮನ್ನು ನಗಿಸುವುದಕ್ಕೆಂದೇ ತಾನೇ ಅವರು ಅಷ್ಟೆಲ್ಲ ಮುಳುಗಿದ್ದು? ನನಗೆ ಮಾತ್ರ ಈಗ ಬಚ್ಚಲಲ್ಲಿ ಬಕೆಟ್ ತುಂಬುವ ಸದ್ದು ಕೇಳಿದರೂ ಓಡಿ ಹೋಗಿ ನಲ್ಲಿ ನಿಲ್ಲಿಸಬೇಕು.

ಚಿಕ್ಕಪ್ಪ ಮಲೇಷ್ಯಾದ ಪುಚೊಂಗ್‌ನಲ್ಲಿ ಲಿಫ್ಟ್ ಕಂಪನಿಯೊಂದರ ಇಂಜಿನಿಯರು. ಇಪ್ಪತ್ತು ವರ್ಷಗಳ ಹಿಂದೆ ಇಲ್ಲಿನ ಕನ್ನಡದವರ ಯುಗಾದಿ ಕಾರ್ಯಕ್ರಮದಲ್ಲಿ, ಲಕ್ಕಿ ಡ್ರಾಗೂ ಭರತನಾಟ್ಯಕ್ಕೂ ನಡುವೆ ಹತ್ತು ನಿಮಿಷ ಖಾಲಿ ಬಿತ್ತು. ನರ್ತಿಸಬೇಕಾದ ಹುಡುಗಿಯ ಒಂದು ಗೆಜ್ಜೆ ಸಿಕ್ಕಿರಲಿಲ್ಲ. ಯಾರೂ ಕರೆಯದಿದ್ದರೂ ಚಿಕ್ಕಪ್ಪ ವೇದಿಕೆ ಹತ್ತಿದರು. ಹೋಗುವಾಗ ಚಿಕ್ಕಮ್ಮನನ್ನೂ ಎಳೆದುಕೊಂಡೇ ಹೋದರು. ಅಂದು ಹುಟ್ಟಿದ್ದು 'ಮುಳುಗಾಟ'.

ಆಟ ಇಷ್ಟೇ. ಗಂಡ ಸಂತೆಯಿಂದ ಬರುವಾಗ ಹೊಳೆಗೆ ಬೀಳುತ್ತಾನೆ. ದಡದಲ್ಲಿ ಹೆಂಡತಿ. ಕೈ ಕೊಟ್ಟು ಎಳೆಯುವ ಬದಲು ಅವಳು ಒಂದೊಂದೇ ಸಾಮಾನಿನ ಲೆಕ್ಕ ಕೇಳುತ್ತಾಳೆ: "ತೆಂಗಿನಕಾಯಿ ತಂದ್ರಾ? ಕರಿಬೇವು? ಕೊತ್ತಂಬರಿ?" ಏಳನೆಯದು ಉಪ್ಪು. ಅದನ್ನು ಗಂಡ ಮರೆತಿರುತ್ತಾನೆ. ಆಮೇಲಷ್ಟೇ ಕೈ! ಹೊಳೆ ಎಂದರೆ ಒಂದು ನೀಲಿ ಸೀರೆ. ಅದರ ಒಂದು ತುದಿಯನ್ನು ಅವರ ಮಗಳು ಶ್ರೇಯಾ, ಇನ್ನೊಂದನ್ನು ಯಾರಾದರೂ ಪುಣ್ಯಾತ್ಮರು ಹಿಡಿದು ಅಲುಗಿಸಬೇಕು. ಪರದೆಯ ಹಿಂದೆ ಸ್ಕ್ರಿಪ್ಟ್ ಹಿಡಿದು, ಆದ ಮಾತಿಗೆ ಟಿಕ್ ಹಾಕುತ್ತ, ಮರೆತ ಮಾತನ್ನು ಪಿಸುಗುಟ್ಟುವ ಕೆಲಸ ನನ್ನದು. ಕಾಲೇಜಿನಲ್ಲಿ ಪಾಠ ಹೇಳುವವಳು, ಸರಿಯಾಗಿ ಓದುತ್ತೇನೆ ಎಂಬ ನಂಬಿಕೆ ಅವರಿಗೆ.

ಅಭ್ಯಾಸಕ್ಕೆ ಹೊತ್ತುಗೊತ್ತು ಬೇಡವೇ? ಚಿಕ್ಕಪ್ಪ ಮಮಕ್ ಹೋಟೆಲಿನಲ್ಲಿ ರೊಟ್ಟಿ ಬರುವುದರೊಳಗೆ ಕುರ್ಚಿಯಿಂದ ಜಾರಿ ಎರಡು ಸಲ ಮುಳುಗುತ್ತಿದ್ದರು. "ಅಪ್ಪಾ, ಎವ್ರಿಬಡಿ ಈಸ್ ಲುಕಿಂಗ್ ಲಾ!" ಎಂದು ಶ್ರೇಯಾ ಮುಖ ಮುಚ್ಚಿಕೊಂಡರೆ, "ನೋಡ್ಲಿ ಅಂತಾನೇ ಕಣಮ್ಮ" ಎನ್ನುತ್ತಿದ್ದರು. ಮನೆಯಲ್ಲಿ ಮೊದಲ ಸಲ "ಉಸಿರು ಕಟ್ತಿದೆ, ಕೈ ಕೊಡೇ!" ಎಂದು ಕಿರುಚಿದಾಗ ಪಕ್ಕದ ಮನೆಯ ತಮಿಳು ಅಕ್ಕ ಬರಿಗಾಲಲ್ಲಿ ಓಡಿ ಬಂದಿದ್ದರು. ನಾಲ್ಕನೆಯ ಸಲದ ಹೊತ್ತಿಗೆ ಅವರು ಕಿಟಕಿಯಿಂದಲೇ ಕೇಳಿದರು:

"ಅಕ್ಕಾ, ಇನ್ನಿಕ್ಕಿ ಡ್ರಾಮಾವಾ, ನಿಜಮಾವಾ?"

"ಡ್ರಾಮಾನೇ ರೀ, ನೀವು ಒಗ್ಗರಣೆ ನೋಡ್ಕೊಳ್ಳಿ!" ಎಂದರು ಚಿಕ್ಕಮ್ಮ.

ಆಗಲೇ ನಾವು ಹೆದರಬೇಕಿತ್ತು. ಚಿಕ್ಕಪ್ಪ ಬಲು ಬುದ್ಧಿವಂತರಲ್ಲವೇ, ಮುಳುಗುವ ಮನುಷ್ಯ ಏನೇನು ಕೂಗಬಹುದೋ ಅದೆಲ್ಲವನ್ನೂ ಸಂಭಾಷಣೆಯಲ್ಲಿ ಸೇರಿಸಿಬಿಟ್ಟಿದ್ದರು. "ಆಟ ಅಲ್ಲ ಕಣೇ, ನಿಜವಾಗ್ಲೂ!" ಎಂಬುದಕ್ಕೇ ಎಲ್ಲಕ್ಕಿಂತ ಜೋರಾದ ನಗು. ಕಾಪಾಡಿ ಎನ್ನಲು ಅವರ ಹತ್ತಿರ ಒಂದೇ ಒಂದು ಹೊಸ ಮಾತು ಉಳಿದಿರಲಿಲ್ಲ!

ಅವರಿಗೆ ಇನ್ನೊಂದು ನಿಯಮವಿತ್ತು. "ನಗು ಅಂದ್ರೆ ಮನೆಗೆ ಬಂದ ನೆಂಟ. ಅದು ಎದ್ದು ಹೋಗೋ ತನಕ ನಾವು ಬಾಯಿ ಬಿಡಬಾರದು." ಚಿಕ್ಕಮ್ಮನ ಪ್ರಶ್ನೆ ಮುಗಿದ ಮೇಲೆ ಅವರು ಸುಮ್ಮನೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದರು, ನಗು ಇಳಿದ ಮೇಲೆಯೇ ಉತ್ತರ. ಆ ತಾಳಕ್ಕೇ ಜನ ಮರುಳಾದರು. ಯುಗಾದಿಯಿಂದ ದೀಪಾವಳಿಗೆ, ಪುಚೊಂಗ್‌ನಿಂದ ಸುಬಾಂಗ್ ಜಯಾಗೆ, ಅಲ್ಲಿಂದ ಅರ್ಧ ತಮಿಳು ಬೆರೆಸಿ ಮದುವೆ ಮನೆಗಳಿಗೆ 'ಮುಳುಗಾಟ' ತೇಲುತ್ತಾ ಹೋಯಿತು. ಆದರೆ ಚಿಕ್ಕಪ್ಪನ ಕಣ್ಣೆಲ್ಲ ಬೆಳ್ಳಿತೆರೆಯ ಮೇಲೆ. "ಸಾಯೋದ್ರೊಳಗೆ ಒಂದು ಸಲ ಸಿನಿಮಾದಲ್ಲಿ ಮುಳುಗಬೇಕು ಕಣೇ," ಎನ್ನುತ್ತಿದ್ದರು.

ಕಳೆದ ವರ್ಷ ಬೆಂಗಳೂರಿನ ಚಿತ್ರತಂಡವೊಂದು ಮೆಲಾಕಾ ಕಡೆ ಚಿತ್ರೀಕರಣಕ್ಕೆ ಬಂತು. ಯಾರದೋ ಮದುವೆಯ ವಿಡಿಯೋ ನೋಡಿದ್ದ ನಿರ್ದೇಶಕರು ಫೋನ್ ಮಾಡಿ, "ಸಾರ್, ಇಡೀ ಆಟ ಹಾಗೇ ಬೇಕು. ಆದ್ರೆ ಸೀರೆ ಬೇಡ, ನಿಜವಾದ ಹೊಳೆ," ಎಂದರು. ಚಿಕ್ಕಪ್ಪ ಮೂರು ದಿನ ನಿದ್ದೆ ಮಾಡಲಿಲ್ಲ. ಅವರಿಗೆ ಈಜು ಬರುವುದಿಲ್ಲ ಎಂದು ಚಿಕ್ಕಮ್ಮ ಹೇಳಹೋದರೆ, "ಈಜು ಬಂದ್ರೆ ಮುಳುಗೋದು ಹೇಗೆ?" ಎಂದು ಗದರಿದರು.

ಅದು ಕಡಲಿಗೆ ಸಮೀಪದ ಹೊಳೆ. ಬೆಳಿಗ್ಗೆ ಅಭ್ಯಾಸ ಮಾಡುವಾಗ ಮರದ ಅಟ್ಟಣೆಯ ಪಕ್ಕ ಎದೆಮಟ್ಟದ ನೀರು. ಕಾಲಿಗೆ ನೆಲ ಸಿಗುತ್ತಿತ್ತು. ಮೋಡ ಸರಿದು ಬೇಕಾದ ಬೆಳಕು ಬರುವಾಗ ಮಧ್ಯಾಹ್ನ ಮೂರು ಗಂಟೆ. ಕಡಲು ಉಬ್ಬಿದರೆ ಹೊಳೆಯೂ ಉಬ್ಬುತ್ತದೆ ಎಂಬುದು, ನೀರೆಂದರೆ ಟ್ಯಾಂಕರಿನಲ್ಲಿ ಬರುವ ವಸ್ತು ಎಂದುಕೊಂಡ ಬೆಂಗಳೂರಿನವರಿಗೆ ಹೇಗೆ ಹೊಳೆಯಬೇಕು? ದೋಣಿಯ ಮುದುಕ ನನ್ನ ಪಕ್ಕದಲ್ಲೇ ನಿಂತು, "ಆಯೆರ್ ನಾಯಿಕ್," ಎಂದ. ನೀರು ಏರುತ್ತಿದೆ ಎಂದರ್ಥ. ಸಹಾಯಕನೊಬ್ಬ "ಸೈಲೆನ್ಸ್!" ಎಂದು ಅವನ ಬಾಯಿ ಮುಚ್ಚಿಸಿದ. ನನಗೆ ಮಲಯ್ ಬರುತ್ತದೆ. ಆ ಮಾತು ನನ್ನ ಕಿವಿಗೆ ಬಿದ್ದಿತ್ತು. ನಾನು ಪೆನ್ಸಿಲಿನ ಮೊನೆ ನೋಡಿಕೊಂಡು ಕುಳಿತೆ.

ಚಿಕ್ಕಪ್ಪ ಬಿದ್ದರು. ಒಮ್ಮೆ ಪೂರ್ತಿ ಮುಳುಗಿ ಮೇಲೆ ಬಂದರು. ವಾಹ್, ಎಂಥ ಅಭಿನಯ!

"ತೆಂಗಿನಕಾಯಿ ತಂದ್ರಾ?" ಎಂದರು ಚಿಕ್ಕಮ್ಮ.

"ಉಸಿರು ಕಟ್ತಿದೆ..." ಟಿಕ್.

"ಕರಿಬೇವು?"

"ಆಟ ಅಲ್ಲ ಕಣೇ, ನಿಜವಾಗ್ಲೂ!" ಟಿಕ್. ಈ ಮಾತು ಐದನೆಯ ಸಾಮಾನಿಗೆ ಬರಬೇಕಿತ್ತಲ್ಲ, ಗಾಬರಿಯಲ್ಲಿ ಹಾರಿಸಿದರು ಎಂದುಕೊಂಡೆ. ಕ್ಯಾಮರಾದ ಹಿಂದೆ ನಿರ್ದೇಶಕರು ನಗು ತಡೆಯಲು ಕರ್ಚೀಫು ಕಚ್ಚಿಕೊಂಡಿದ್ದರು.

"ಕೊತ್ತಂಬ..."

"ಕೈ ಕೊಡೇ!"

ಚಿಕ್ಕಮ್ಮ ನಿಂತುಬಿಟ್ಟರು. ಬಿಸಿಲಿಗೆಂದು ಶ್ರೇಯಾ ತಲೆಯ ಮೇಲೆ ಹೊದ್ದಿದ್ದ ಆ ಹಳೆಯ ನೀಲಿ ಸೀರೆಯನ್ನು ಕಿತ್ತುಕೊಂಡು, ಅಟ್ಟಣೆಯ ಮೇಲೆ ಬೋರಲು ಬಿದ್ದು, ತುದಿಯನ್ನು ನೀರಿಗೆಸೆದರು. "ಹಿಡ್ಕೊಳ್ರೀ! ಹಿಡ್ಕೊಳ್ರೀ!" ಇದು ಸ್ಕ್ರಿಪ್ಟಿನಲ್ಲಿರಲಿಲ್ಲ. ಮೂರ್ಖಳಂತೆ ನಾನು ಪುಟ ತಿರುವಿ ಹುಡುಕಿದೆ! ಅಷ್ಟರಲ್ಲಿ ದೋಣಿಯ ಮುದುಕ ನೀರಿಗೆ ಹಾರಿಯಾಗಿತ್ತು. ಇಪ್ಪತ್ತು ವರ್ಷ ಚಿಕ್ಕಪ್ಪನನ್ನು ಮುಳುಗಿಸಿದ ಸೀರೆಯೇ ಅವರನ್ನು ಮೇಲಕ್ಕೆ ತಂದಿತು.

ಅವರು ಕೆಸರು ನೀರನ್ನು ಕಕ್ಕಿ ಕಕ್ಕಿ, ಕೊನೆಗೆ ಕಣ್ಣು ಬಿಟ್ಟ ಮೇಲೆ ನಾನು ಚಿಕ್ಕಮ್ಮನನ್ನು ಕೇಳಿದೆ, "ನಿಮಗೆ ಹೇಗೆ ಗೊತ್ತಾಯ್ತು?"

"ನನ್ನ ಮಾತು ಮುಗಿಯೋಕೆ ಮುಂಚೆ ಮಾತಾಡಿದ್ರಲ್ಲ," ಎಂದರು. ಕೈಗಳು ಒದ್ದೆ ಸೀರೆಯನ್ನು ಹಿಂಡುತ್ತಿದ್ದವು. "ಇಪ್ಪತ್ತು ವರ್ಷದಲ್ಲಿ ಒಂದು ದಿನಾನೂ ಹಾಗೆ ಮಾಡಿಲ್ಲ ಕಣೇ."

ನಾನು ಎಣಿಸಿದೆ: ಆ ಹೊತ್ತಿಗೆ ಎರಡು ಟಿಕ್ ಹಾಕಿದ್ದೆ. ಆ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಹರಿಯಲು ಧೈರ್ಯವಿಲ್ಲ.

ಆ ದೃಶ್ಯವನ್ನು ಕಿತ್ತೆಸೆಯುತ್ತೇವೆ ಎಂದು ಚಿತ್ರತಂಡದವರು ಕೈ ಮುಗಿದರು. ಒಪ್ಪದವರು ಯಾರು ಹೇಳಿ? ಚಿಕ್ಕಪ್ಪ! ಆಸ್ಪತ್ರೆಯ ಮಂಚದಲ್ಲಿ ಎದ್ದು ಕೂತು, "ನನ್ನ ಜೀವಮಾನದ ಬೆಸ್ಟ್ ಟೈಮಿಂಗ್ ಅದು, ತೆಗೀಬೇಡಿ!" ಎಂದರು. "ಅಲ್ಲಿ ಟೈಮಿಂಗೇ ಇರ್ಲಿಲ್ಲ," ಎಂದು ಚಿಕ್ಕಮ್ಮ ಗೋಡೆಯ ಕಡೆ ತಿರುಗಿಕೊಂಡರು.

ಸಿನಿಮಾ ಸುಬಾಂಗ್ ಜಯಾದ ಮಾಲಿಗೆ ಬಂತು. ನಾವು ನಾಲ್ವರೂ ಒಂದೇ ಸಾಲಿನಲ್ಲಿ ಕುಳಿತೆವು. ತೆರೆಯ ಮೇಲೆ ಚಿಕ್ಕಪ್ಪ ಹೊಳೆಗೆ ಬಿದ್ದರು. ನನ್ನ ಉಗುರು ಕುರ್ಚಿಯ ಕೈಗೆ ನಾಟಿತು. "ತೆಂಗಿನಕಾಯಿ ತಂದ್ರಾ?" ಇಡೀ ಚಿತ್ರಮಂದಿರ ಗೊಳ್ಳೆಂದಿತು. ಅಷ್ಟು ದೊಡ್ಡ ನಗು ಅವರಿಗೆ ಎಂದೂ ಸಿಕ್ಕಿರಲಿಲ್ಲ. ಖುಷಿಪಡುತ್ತಿರಬಹುದು ಎಂದು ನಾನು ಹೆದರುತ್ತಲೇ ಪಕ್ಕಕ್ಕೆ ತಿರುಗಿದೆ.

ಮೊದಲನೆಯ ಸಾಮಾನಿಗೇ ಚಿಕ್ಕಮ್ಮ ಕತ್ತಲಲ್ಲಿ ಕೈ ಚಾಚಿ, ಅವರ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದರು.

"ಇನ್ನೂ ಆರು ಬಾಕಿ ಇದೆಯಲ್ಲೇ," ಎಂದರು ಚಿಕ್ಕಪ್ಪ, ತೀರ ಸಣ್ಣ ದನಿಯಲ್ಲಿ.

"ಇರ್ಲಿ ಬಿಡ್ರೀ," ಎಂದರು ಚಿಕ್ಕಮ್ಮ. ದೀಪ ಹತ್ತುವವರೆಗೂ ಆ ಕೈ ಬಿಡಲಿಲ್ಲ.